ಬಚ್ಚಲ ಒಲೆಯಿಂದ ಸೋರುವ ಕಾಡು
(ಉಪನ್ಯಾಸದ ಬರಹರೂಪ)



ಉಪ್ಪುಂದದ ಹಳೆಯ ಹಂಚಿನ ಮನೆಯೊಂದನ್ನು ಆಸಾಡಿಯ ಮಳೆಯಲ್ಲಿ ಕಲ್ಪಿಸಿಕೊಳ್ಳಿ. ಪಡುವಣದಲ್ಲಿ ಕಡಲು, ಮೂಡಣದಲ್ಲಿ ಕೊಲ್ಲೂರಿನ ಘಟ್ಟದ ಸಾಲು. ಮುರಕಲ್ಲಿನ ಗೋಡೆಯ ಬುಡ ಮೊಣಕಾಲೆತ್ತರದವರೆಗೆ ಒದ್ದೆಯಾಗಿದೆ. ಹಿಂಬದಿಯ ಬಚ್ಚಲುಕೊಟ್ಟಿಗೆಯಲ್ಲಿ ತಾಮ್ರದ ಹಂಡೆಯ ಕೆಳಗೆ ಹಸಿ ಸೌದೆ ಹೊಗೆಯಾಡುತ್ತಿದೆ. ಬಾಣಂತಿಯ ಸ್ನಾನಕ್ಕೆ ನೀರು ಕಾಯಬೇಕು. ಊದುಕೊಳವೆ ಹಿಡಿದ ಹೆಂಗಸಿನ ಕಣ್ಣಲ್ಲಿ ನೀರು. ಹಂಡೆಯ ನೀರು ಮಾತ್ರ ಇನ್ನೂ ಉಗುರುಬೆಚ್ಚಗೆ.

ಆ ಒಲೆಯಲ್ಲಿ ಉರಿಯುವುದು ತೆಂಗಿನ ಮಡಲು, ಸಿಪ್ಪೆ. ಅದು ಸಾಲದಾದಾಗ ಹಾಡಿಯ, ಘಟ್ಟದ ತಪ್ಪಲಿನ ಸೌದೆ. ಹಾಗಾಗಿ ಒಲೆಯಿಂದ ವ್ಯರ್ಥವಾಗಿ ಸೋರುವ ಶಾಖವೆಂದರೆ ಕಾಡೇ ಸೋರಿದಂತೆ. ಕಾಡಿನ ರಕ್ಷಣೆಯ ಮಾತು ಆರಂಭವಾಗಬೇಕಾದ ಸ್ಥಳಗಳಲ್ಲಿ ಬಚ್ಚಲೂ ಒಂದು.

ಒಂದು ಸರಳ ಲೆಕ್ಕ ನೋಡೋಣ. ಹಂಡೆಯಲ್ಲಿ 80 ಲೀಟರ್ ನೀರಿದೆ. ಅದನ್ನು 25 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಲು ಸುಮಾರು 12 ಮೆಗಾಜೂಲ್ ಶಾಖ ಬೇಕು. ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆಯಲ್ಲಿ ಸುಮಾರು 15 ಮೆಗಾಜೂಲ್ ಶಾಖವಿರುತ್ತದೆ. ಅಂದರೆ ಒಂದಿಷ್ಟೂ ನಷ್ಟವಿಲ್ಲದಿದ್ದರೆ 800 ಗ್ರಾಂ ಸೌದೆ ಸಾಕು. ಆದರೆ ಒಲೆಯ ದಕ್ಷತೆ ಶೇ. 20 ಆಗಿದ್ದರೆ 4 ಕಿಲೋ ಬೇಕು, ಶೇ. 40 ಆದರೆ 2 ಕಿಲೋ. ದಿನಕ್ಕೆ 2 ಕಿಲೋ ಉಳಿದರೆ ವರ್ಷಕ್ಕೆ 730 ಕಿಲೋ ಸೌದೆ ಉಳಿಯಿತು. ಇದು ಒಂದು ಮನೆಯ, ಒಂದು ಹಂಡೆಯ ಲೆಕ್ಕ.

ಹಿಮ ಬೀಳುವ ದೇಶಗಳಲ್ಲಿಯೂ ಇದೇ ಸಮಸ್ಯೆ ಬೇರೆ ರೂಪದಲ್ಲಿದೆ. ಅಲ್ಲಿನ ಅನೇಕ ಹಳೆಯ ಮನೆಗಳ ನೆಲಮಾಳಿಗೆಯಲ್ಲಿ ಕುಲುಮೆಯಿದ್ದು, ತಗಡಿನ ಕೊಳವೆಗಳು ಬಿಸಿ ಗಾಳಿಯನ್ನು ಕೋಣೆಕೋಣೆಗೆ ಒಯ್ಯುತ್ತವೆ. ಅಂಥ ಕೊಳವೆಗಳಲ್ಲಿ ಸಾಗುವ ಗಾಳಿಯ ಶೇ. 20ರಿಂದ 30ರಷ್ಟು ಭಾಗ ಸಂದುಬಿರುಕುಗಳಿಂದ ಸೋರಿಹೋಗುತ್ತದೆಂಬುದು ಅಮೆರಿಕದ ಸರಕಾರಿ ಇಂಧನ ಮಿತವ್ಯಯ ಕಾರ್ಯಕ್ರಮದ ಅಂದಾಜು. ಅಲ್ಲಿನ ಅನುಭವಸ್ಥರು ಅನುಸರಿಸುವ ಕ್ರಮ ಗಮನಾರ್ಹವಾದುದು: ಮೊದಲು ನೆಲಮಾಳಿಗೆಯ ತೇವ ನಿವಾರಣೆ, ಅನಂತರ ಸಂದುಗಳ ಮುಚ್ಚುವಿಕೆ, ಕೊನೆಯಲ್ಲಿ ಹೊದಿಕೆ. ಈ ಮೂರು ಹೆಜ್ಜೆಗಳು ಉಪ್ಪುಂದದ ಬಚ್ಚಲಿಗೂ ಸಲ್ಲುತ್ತವೆ.

ಮೊದಲನೆಯದು ತೇವ. ನೀರು ನಿಶ್ಚಲ ಗಾಳಿಗಿಂತ 20 ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಮುರಕಲ್ಲಿನ ಸೂಕ್ಷ್ಮ ರಂಧ್ರಗಳಲ್ಲಿ ಗಾಳಿಯ ಬದಲು ನೀರು ತುಂಬಿದರೆ, ಒಲೆಗೆ ತಾಗಿದ ಗೋಡೆಯೂ ಪಂಚಾಂಗವೂ ಶಾಖವನ್ನು ಹೀರಿ ಹೊರಹಾಕುತ್ತವೆ. ಸೂರಿನ ನೀರು ಗೋಡೆಯ ಬುಡಕ್ಕೆ ಬೀಳದಂತೆ ಚರಂಡಿ ತೋಡಿ, ಅಂಗಳಕ್ಕೆ ಹೊರಮುಖವಾದ ಇಳಿಜಾರು ಕೊಡಬೇಕು. ಬಚ್ಚಲ ನೀರು ತೆಂಗಿನ ಬುಡಕ್ಕೆ ಹರಿದುಹೋಗಬೇಕು. ಹಿರಿಯರು ಮಳೆಗಾಲಕ್ಕೆ ಮುನ್ನ ಗೋಡೆಗೆ ಕಟ್ಟುತ್ತಿದ್ದ ಮಡಲಿನ ತಟ್ಟಿ ಬಡತನದ ಗುರುತಲ್ಲ. ಗೋಡೆಯನ್ನು ಒಣಗಿಸಿಡುವ ವಿವೇಕವದು. ಒದ್ದೆ ಗೋಡೆಯ ಮೇಲೆ ಸಿಮೆಂಟ್ ಗಾರೆ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಮತ್ತಷ್ಟು ಮೇಲೇರುತ್ತದೆ. ಸುಣ್ಣದ ಗಾರೆ ಗೋಡೆಗೆ ಉಸಿರಾಡಲು ಬಿಡುತ್ತದೆ.

ಸೌದೆಯ ತೇವವೂ ಇಷ್ಟೇ ಮುಖ್ಯ. ಸೌದೆಯಲ್ಲಿರುವ ಒಂದು ಕಿಲೋ ನೀರು ಆವಿಯಾಗಲು ಸುಮಾರು 2.6 ಮೆಗಾಜೂಲ್ ಬೇಕು. ಅಷ್ಟು ಶಾಖದಿಂದ 17 ಲೀಟರ್ ಸ್ನಾನದ ನೀರನ್ನು ಕಾಯಿಸಬಹುದಿತ್ತು. ಬೇಸಿಗೆಯಲ್ಲಿಯೇ ಸೌದೆಯನ್ನು ಸೀಳಿ, ಒಣಗಿಸಿ, ನೆಲಕ್ಕೆ ತಾಗದಂತೆ ಪೇರಿಸುವುದು ಅರ್ಧ ಒಲೆಯನ್ನು ಸುಧಾರಿಸಿದಂತೆ.

ಎರಡನೆಯದು ಸೋರಿಕೆ. ಹಂಡೆಗೆ ಮುಚ್ಚಳವಿಲ್ಲದಿದ್ದರೆ ಬಿಸಿ ನೀರಿನ ಶಾಖ ಆವಿಯೊಡನೆ ಹಾರಿಹೋಗುತ್ತದೆ. ಹಲಗೆಯ ಮುಚ್ಚಳವೊಂದಕ್ಕೆ ಹೆಚ್ಚಿನ ಖರ್ಚಿಲ್ಲ. ಒಲೆಯ ಬಿರುಕುಗಳನ್ನು ಮಣ್ಣಿನಿಂದ ಮೆತ್ತಬೇಕು. 1974ರಲ್ಲಿ ಪ್ರಾ. ಎ. ಕೆ. ಎನ್. ರೆಡ್ಡಿಯವರ ನೇತೃತ್ವದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ರೂಪಿಸಿದ ಒಲೆಯ ತತ್ತ್ವವೂ ಇದೇ: ಬೆಂಕಿಗೆ ಮುಚ್ಚಿದ ಗೂಡು, ಕೆಳಗೆ ಗಾಳಿಯಾಡುವ ಜಾಲರಿ, ಹೊಗೆ ಪಾತ್ರೆಗೆ ಶಾಖ ಕೊಟ್ಟ ಮೇಲೆಯೇ ಚಿಮಣಿ ಸೇರುವ ದಾರಿ. ಬಚ್ಚಲ ಒಲೆಯಲ್ಲಿಯೂ ಹೊಗೆಯ ದಾರಿಯನ್ನು ಹಂಡೆಯ ಸುತ್ತ ಬಳಸಿ ಒಯ್ದರೆ, ಸೂರಿಗೆ ಹೋಗುತ್ತಿದ್ದ ಶಾಖ ನೀರಿಗೆ ಸಿಗುತ್ತದೆ. ಹೊಗೆ ಹೆಂಗಸರ ಎದೆಗೂಡು ಸೇರುವುದಿಲ್ಲ.

ಮೂರನೆಯದು ಹೊದಿಕೆ. ಒಲೆಯ ಹೊರಮೈಗೂ ಗೋಡೆಗೂ ನಡುವೆ ಉಮಿಬೂದಿ ಬೆರೆಸಿದ ಮಣ್ಣಿನ ದಪ್ಪ ಪದರವಿರಲಿ. ಅದರ ಸಣ್ಣ ಸಣ್ಣ ಪೊಳ್ಳುಗಳಲ್ಲಿ ನಿಂತ ಗಾಳಿಯೇ ಶಾಖವನ್ನು ತಡೆಯುತ್ತದೆ. ಇನ್ನು ಸೌರ ಕಾಯಕದ ಮನೆಗಳಲ್ಲಿ ಮಾಡಿನಿಂದ ಬಚ್ಚಲಿಗೆ ಇಳಿಯುವ ಕೊಳವೆಯ ವಿಚಾರ. 20 ಮಿಲಿಮೀಟರ್ ಒಳವ್ಯಾಸದ 10 ಮೀಟರ್ ಕೊಳವೆಯಲ್ಲಿ 3 ಲೀಟರ್ ನೀರು ನಿಲ್ಲುತ್ತದೆ. ಬರಿಯ ಕೊಳವೆಯಲ್ಲಿ ಅದು ಬೇಗನೆ ತಣಿದು, ಮರುಬಳಕೆಯ ವೇಳೆಗೆ ಚರಂಡಿಯ ಪಾಲಾಗುತ್ತದೆ. ಕೊಳವೆಯನ್ನು ಆದಷ್ಟು ಗಿಡ್ಡವಾಗಿರಿಸಿ, ಫೋಮ್ ಕವಚ ತೊಡಿಸಿ, ಬಿಸಿಲುಮಳೆ ತಾಗದಂತೆ ಅದರ ಮೇಲೊಂದು ಹೊರಹೊದಿಕೆ ಹಾಕಬೇಕು. ಒದ್ದೆಯಾದ ಹೊದಿಕೆಯಿಂದ ಹೆಚ್ಚಿನ ಪ್ರಯೋಜನವಿಲ್ಲ.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಹೊಗೆಕೊಳವೆಗೆ ತೆಂಗಿನ ನಾರು, ಹುಲ್ಲು, ಬಟ್ಟೆ, ಫೋಮ್ ಯಾವುದನ್ನೂ ಸುತ್ತಕೂಡದು. ಅದು ಮಾಡಿನ ಪಕಾಸಿ-ರೀಪುಗಳಿಗೆ ತಾಗಕೂಡದು. ಒಳಗಿನ ಮಸಿಯನ್ನು ಆಗಾಗ ತೆಗೆಯಬೇಕು. ಎರಡನೆಯದಾಗಿ, ಶಾಖ ಉಳಿಸುವ ಉತ್ಸಾಹದಲ್ಲಿ ಬಚ್ಚಲ ಗಾಳಿಕಿಂಡಿಗಳನ್ನು ಮುಚ್ಚಬಾರದು. ಮುಚ್ಚಿದ ಕೋಣೆಯಲ್ಲಿ ಬೆಂಕಿ ಉರಿದರೆ ವಾಸನೆಯೂ ಬಣ್ಣವೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಶೇಖರವಾಗಿ ಪ್ರಾಣವನ್ನೇ ಕಳೆಯಬಹುದು. ಅನಿಲದ ಗೀಸರ್‌ಗೂ ಈ ಮಾತು ಅನ್ವಯಿಸುತ್ತದೆ.

ಹಳೆಯ ಮನೆ ಕೆಡವಿ, ಕಾಂಕ್ರೀಟ್ ಕಟ್ಟಿ, ವಿದ್ಯುತ್ ಗೀಸರ್ ಹಾಕಿದರೆ ಕಾಡು ಉಳಿಯುವುದಿಲ್ಲವೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಅದೇ 80 ಲೀಟರಿಗೆ ಮೂರೂಕಾಲು ಯೂನಿಟ್ ವಿದ್ಯುತ್ ಬೇಕು. ವಾರಾಹಿಯ ವಿದ್ಯುತ್ತಿಗಾಗಿ ಘಟ್ಟದ ಮೇಲೆ ಕಾಡು ಮುಳುಗಿದೆ. ಇದೇ ಜಿಲ್ಲೆಯ ಎಲ್ಲೂರಿನಲ್ಲಿ ಕಲ್ಲಿದ್ದಲು ಸ್ಥಾವರ ತಲೆಯೆತ್ತಿದೆ. ಹೊಗೆ ಬಚ್ಚಲಿನಿಂದ ಬೇರೆಯವರ ಊರಿಗೆ ವರ್ಗವಾಗುತ್ತದೆ, ಅಷ್ಟೆ. ಇಂಧನ ಯಾವುದೇ ಇರಲಿ, ಸೋರಿಕೆ ನಿಲ್ಲಿಸದೆ ಉಳಿತಾಯವಿಲ್ಲ.

ಆದುದರಿಂದ ವಿದ್ಯಾರ್ಥಿಗಳು ಒಂದು ಕಾರ್ಯವನ್ನು ಕೈಗೊಳ್ಳಲಿ. ತಮ್ಮ ಮನೆಯ ಬಚ್ಚಲ ಒಲೆಗೆ ಒಂದು ವಾರ ಹಾಕುವ ಸೌದೆಯನ್ನು ತೂಗಿ ಬರೆದಿಡಲಿ. ಅನಂತರ ಮುಚ್ಚಳ, ಒಣಸೌದೆ, ಬಿರುಕಿಗೆ ಮಣ್ಣು, ಈ ಮೂರನ್ನಷ್ಟೇ ಮಾಡಿ ಇನ್ನೊಂದು ವಾರ ತೂಗಲಿ. ಎರಡು ಅಂಕಿಗಳ ಅಂತರವನ್ನು ಮನೆಯ ಹಿರಿಯರಿಗೆ ಓದಿ ಹೇಳಲಿ. ನೀರು ತುಂಬುವ ಹಬ್ಬದಂದು ಹಂಡೆ ಬೆಳಗಿ, ಶೇಡಿಯ ಚಿತ್ತಾರ ಬರೆದು ಪೂಜಿಸುವ ಮನೆಗಳಲ್ಲಿ, ಆ ಹಂಡೆಯ ಕೆಳಗಿನ ಬೆಂಕಿಗೂ ಅಷ್ಟು ಲಕ್ಷ್ಯ ಸಲ್ಲಬೇಕು.