ಹೊಲ ಮಾರುವ ಮೊದಲು ಲೆಕ್ಕ ಹಾಕಿ

ಇವತ್ತು ರಾಜಕೀಯ ಬೇಡ. ಯಾರು ಯಾರನ್ನು ಬೈದ್ರು, ಯಾರ ಕುರ್ಚಿ ಅಲ್ಲಾಡ್ತಿದೆ ಅನ್ನೋದು ನಾಳೆಗೂ ಇರುತ್ತೆ. ಇವತ್ತು ನಮ್ಮ ಮಕ್ಕಳ ಓದಿನ ವಿಚಾರ, ಮತ್ತು ಆ ಓದಿಗಾಗಿ ಅಡ ಇಡ್ತಿರೋ ಹೊಲದ ವಿಚಾರ ಮಾತಾಡೋಣ.

ಮಾನ್ವಿಯಿಂದ ಸಿಂಧನೂರು ರಸ್ತೆ ಹಿಡಿದರೆ ಪೋತ್ನಾಳ ಸಿಗುತ್ತೆ. ಭತ್ತದ ಸೀಮೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದರೆ ಬೆಳೆ, ಬರದಿದ್ದರೆ ರಸ್ತೆ ತಡೆ. 2024ರ ಆಗಸ್ಟ್‌ನಲ್ಲಿ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಈ ಭಾಗದ ರೈತರಿಗೆ ನಿದ್ದೆ ಇರಲಿಲ್ಲ. ಇಂಥ ಊರಿನ ಮನೆಗಳಲ್ಲೂ ಈಗ ಒಂದು ಮಾತು ಕೇಳಿಬರ್ತಿದೆ: "ನಮ್ ಹುಡುಗ ಅಮೆರಿಕಾಕ್ಕ ಹೊಂಟಾನ್ರೀ. ಎರಡು ಎಕರೆ ಕೊಡಬೇಕಂತ ಮಾಡೀವಿ."

ತಪ್ಪೇನಿಲ್ಲ. ರೈತನ ಮಗ ಅಮೆರಿಕಕ್ಕೆ ಹೋಗಬಾರದು ಅನ್ನೋಕೆ ನಾವ್ಯಾರು? 1913ರಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಆದರೆ ನೆನಪಿಡಿ, ಅವರು ಹೋಗಿದ್ದು ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದ ಮೇಲೆ. ದುಡ್ಡು ಎಲ್ಲಿಂದ ಬರುತ್ತೆ ಅನ್ನೋದು ಹಡಗು ಹತ್ತುವ ಮೊದಲೇ ತೀರ್ಮಾನವಾಗಿತ್ತು. ಇವತ್ತು ನಮ್ಮಲ್ಲಿ ಬಹಳ ಮನೆಗಳಲ್ಲಿ ಉಲ್ಟಾ ನಡೀತಿದೆ. ಮೊದಲು ಕಾಲೇಜು, ಆಮೇಲೆ ವೀಸಾ, ಕೊನೆಗೆ ದುಡ್ಡಿನ ಚಿಂತೆ.

2023-24ರಲ್ಲಿ ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು 3,31,602. ಚೀನಾವನ್ನೂ ಹಿಂದಕ್ಕೆ ಹಾಕಿದ್ವಿ. ಇವರೆಲ್ಲ ಶ್ರೀಮಂತರ ಮಕ್ಕಳಾ? ಅಲ್ಲ. ಸಾಲ ಮಾಡಿ ಹೋದವರು ಬಹಳ ಮಂದಿ ಇದ್ದಾರೆ. ಹಾಗಾದ್ರೆ ಪ್ರಶ್ನೆ ಏನು? ಅಮೆರಿಕದಲ್ಲಿ ಅಗ್ಗದ ಕಾಲೇಜು ಅಂದ್ರೆ ಯಾವುದು? ಅದನ್ನ ಹುಡುಕೋದು ಹೇಗೆ?

ಮೊದಲನೇ ಮಾತು. ಫೀಸು ಬೇರೆ, ಖರ್ಚು ಬೇರೆ. ಸಲಹಾ ಕೇಂದ್ರದವರು ತೋರಿಸೋದು ಟ್ಯೂಷನ್ ಫೀ. ಅದರ ಮೇಲೆ ರೂಮು, ಊಟ, ಪುಸ್ತಕ, ವಿಮಾನದ ಟಿಕೆಟ್ ಇದೆ. ಆರೋಗ್ಯ ವಿಮೆಯೊಂದಕ್ಕೇ ವರ್ಷಕ್ಕೆ 2,000 ಡಾಲರ್ ಆಸುಪಾಸು ಹಿಡಿಯೋ ಕಾಲೇಜುಗಳಿವೆ. ಪ್ರತಿ ಕಾಲೇಜೂ ತನ್ನ ವೆಬ್‌ಸೈಟಿನಲ್ಲಿ ವರ್ಷದ ಒಟ್ಟು ಖರ್ಚು, ಅಂದ್ರೆ "ಕಾಸ್ಟ್ ಆಫ್ ಅಟೆಂಡೆನ್ಸ್", ಹಾಕಿರುತ್ತೆ. ವಿದೇಶಿ ವಿದ್ಯಾರ್ಥಿಗಳಿಗೆ ಅಂತ ಬಹಳ ಕಡೆ ಬೇರೆ ಪುಟವೇ ಇರುತ್ತೆ. ಅಲ್ಲಿರೋ ಅಂಕಿ ಮಾತ್ರ ನಿಮ್ಮ ಅಂಕಿ.

ಎರಡನೇ ಮಾತು. ಅಮೆರಿಕದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಆ ರಾಜ್ಯದವರಿಗೆ ಒಂದು ಫೀಸು, ಹೊರಗಿನವರಿಗೆ ಇನ್ನೊಂದು. ನಮ್ಮ ಹುಡುಗರು ಸಾಮಾನ್ಯವಾಗಿ ಹೊರಗಿನವರ ಲೆಕ್ಕಕ್ಕೇ ಬರ್ತಾರೆ. ಆದರೆ ಎಲ್ಲ ಕಡೆ ಹಾಗಿಲ್ಲ. ನಾರ್ತ್ ಡಕೋಟಾದ ಮೈನಾಟ್ ಸ್ಟೇಟ್ ವಿಶ್ವವಿದ್ಯಾಲಯ ವಿದೇಶಿಯರಿಗೂ ಸ್ಥಳೀಯರ ದರವನ್ನೇ ಹಾಕುತ್ತೆ. ಚಳಿ ವಿಪರೀತ, ಊರು ಸಣ್ಣದು. ಹೆಸರು ಹೇಳಿದ್ರೆ ನೆಂಟರಿಗೆ ಗೊತ್ತಾಗಲ್ಲ. ಗೊತ್ತಾಗದಿದ್ರೆ ಏನಂತೆ? ಸಾಲ ತೀರಿಸೋರು ನೆಂಟರಲ್ಲವಲ್ಲ! ನ್ಯೂಯಾರ್ಕ್, ಬಾಸ್ಟನ್‌ನಲ್ಲಿ ರೂಮಿನ ಬಾಡಿಗೆಗೆ ಹೋಗೋ ದುಡ್ಡು ಇಂಥ ಊರುಗಳಲ್ಲಿ ಉಳಿಯುತ್ತೆ.

ಮೂರನೇ ಮಾತು. ಪಿಯುಸಿ ಮುಗಿಸಿ ಡಿಗ್ರಿಗೇ ಹೋಗೋರಿಗೆ ಕಮ್ಯುನಿಟಿ ಕಾಲೇಜು ಅನ್ನೋ ದಾರಿ ಇದೆ. ಎರಡು ವರ್ಷ ಅಲ್ಲಿ ಓದಿ, ಮೂರನೇ ವರ್ಷಕ್ಕೆ ದೊಡ್ಡ ವಿಶ್ವವಿದ್ಯಾಲಯ ಸೇರೋದು. ಕೈಗೆ ಬರೋ ಪದವಿ ಪ್ರಮಾಣಪತ್ರ ದೊಡ್ಡ ವಿಶ್ವವಿದ್ಯಾಲಯದ್ದೇ. ಒಂದು ಲೆಕ್ಕ ಹಾಕೋಣ. ವಿಶ್ವವಿದ್ಯಾಲಯದಲ್ಲಿ ವರ್ಷಕ್ಕೆ ಒಟ್ಟು 25,000 ಡಾಲರ್, ಕಮ್ಯುನಿಟಿ ಕಾಲೇಜಿನಲ್ಲಿ 18,000 ಅಂತ ಇಟ್ಕೊಳ್ಳಿ. ಡಾಲರ್‌ಗೆ 85 ರೂಪಾಯಿ. ನಾಲ್ಕೂ ವರ್ಷ ವಿಶ್ವವಿದ್ಯಾಲಯದಲ್ಲಿ ಓದಿದ್ರೆ 85 ಲಕ್ಷ. ಎರಡು ವರ್ಷ ಅಲ್ಲಿ, ಎರಡು ವರ್ಷ ಇಲ್ಲಿ ಓದಿದ್ರೆ 73 ಲಕ್ಷ. ಹನ್ನೆರಡು ಲಕ್ಷ ಉಳೀತು. ಆದರೆ ಅಲ್ಲಿ ಓದಿದ ವಿಷಯಗಳನ್ನೆಲ್ಲ ಮುಂದಿನ ವಿಶ್ವವಿದ್ಯಾಲಯ ಒಪ್ಪುತ್ತಾ ಅನ್ನೋದನ್ನ ಮೊದಲೇ ಬರಹದಲ್ಲಿ ಕೇಳಬೇಕು. ಒಪ್ಪದಿದ್ರೆ ಒಂದು ವರ್ಷ ಜಾಸ್ತಿ, ಉಳಿದದ್ದೂ ಹೋಯ್ತು.

ಇನ್ನೊಂದು ವಿಚಾರ ನೋಡಿ. ಆ 85 ರೂಪಾಯಿ ನಿಂತಲ್ಲಿ ನಿಲ್ಲಲ್ಲ. 2011ರ ಸುಮಾರಿಗೆ ಡಾಲರ್ 45ರ ಆಸುಪಾಸಿನಲ್ಲಿತ್ತು. 2024ರ ಕೊನೆಯಲ್ಲಿ 85 ದಾಟಿತು. ಕಾಲೇಜಿನ ಫೀಸು ಏರದೇ ಇದ್ರೂ ನಿಮ್ಮ ಫೀಸು ಏರುತ್ತೆ. ಮೊದಲ ವರ್ಷದ ದರದಲ್ಲೇ ನಾಲ್ಕು ವರ್ಷದ ಲೆಕ್ಕ ಹಾಕಬೇಡಿ.

ನಾಲ್ಕನೇ ಮಾತು, ಸ್ಕಾಲರ್‌ಶಿಪ್. "ಐದು ಸಾವಿರ ಡಾಲರ್ ಸ್ಕಾಲರ್‌ಶಿಪ್ ಬಂತು" ಅಂತ ಮನೇಲಿ ಪೇಢೆ ಹಂಚ್ತಾರೆ. ಐವತ್ತು ಸಾವಿರದ ಕಾಲೇಜಿನಲ್ಲಿ ಐದು ಸಾವಿರ ಬಿಟ್ರೆ ಉಳಿದ ನಲವತ್ತೈದು ಸಾವಿರ ಯಾರು ಕಟ್ತಾರೆ? ಬಿಟ್ಟದ್ದನ್ನ ನೋಡಬೇಡಿ, ಕಟ್ಟಬೇಕಾದದ್ದನ್ನ ನೋಡಿ. ನಿಜವಾಗಿ ಕೊಡೋ ಕಾಲೇಜುಗಳೂ ಇವೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್ ಇವು ವಿದೇಶಿ ವಿದ್ಯಾರ್ಥಿಯ ಬಡತನ ನೋಡಿ ಸೀಟು ನಿರಾಕರಿಸಲ್ಲ, ಸೀಟು ಕೊಟ್ರೆ ಅಗತ್ಯವಿರೋ ಹಣವನ್ನೂ ಕೊಡ್ತವೆ. ಕೆಂಟಕಿಯ ಬೆರಿಯಾ ಕಾಲೇಜಿನಲ್ಲಿ ಟ್ಯೂಷನ್ ಫೀ ಕಟ್ಟಬೇಕಿಲ್ಲ, ಪ್ರತಿ ವಿದ್ಯಾರ್ಥಿಯೂ ಕ್ಯಾಂಪಸ್‌ನಲ್ಲಿ ಕೆಲಸ ಮಾಡಬೇಕು. ಆದರೆ ಇಲ್ಲೆಲ್ಲ ಸೀಟು ಸಿಗೋದು ಬಹಳ ಕಷ್ಟ. ಮಿಕ್ಕ ಕಾಲೇಜುಗಳ ಬಂಡವಾಳ ತಿಳೀಬೇಕಾ? ಬಹಳಷ್ಟು ಕಾಲೇಜುಗಳು ಪ್ರತಿ ವರ್ಷ "ಕಾಮನ್ ಡೇಟಾ ಸೆಟ್" ಅನ್ನೋ ದಾಖಲೆ ಹೊರಗೆ ಹಾಕ್ತವೆ. ಅದರಲ್ಲಿ ಎಚ್ 6 ಅನ್ನೋ ಕಡೆ, ಡಿಗ್ರಿ ಓದೋ ಎಷ್ಟು ವಿದೇಶಿಯರಿಗೆ ಸರಾಸರಿ ಎಷ್ಟು ನೆರವು ಸಿಕ್ಕಿದೆ ಅಂತ ಇರುತ್ತೆ. ಹತ್ತು ನಿಮಿಷದ ಕೆಲಸ. ಪಿಯುಸಿ ಓದಿದ ಹುಡುಗ ತಾನೇ ಮಾಡಬಹುದು.

ಎಂ.ಎಸ್‌ಗೆ ಹೋಗೋರಿಗೆ ಬೇರೆ ಮಾತು. ಬೋಧನೆ ಅಥವಾ ಸಂಶೋಧನೆಗೆ ಸಹಾಯಕರಾಗಿ ಕೆಲಸ ಕೊಟ್ಟು ಫೀಸು ಮನ್ನಾ ಮಾಡೋ ಪದ್ಧತಿ ಅಲ್ಲಿದೆ. ಆದರೆ ಅದು ಹೆಚ್ಚಾಗಿ ಸಿಗೋದು ಪಿಎಚ್.ಡಿಗೆ. "ಹೋದ್ಮೇಲೆ ಸಿಗುತ್ತೆ" ಅಂತ ಯಾರಾದ್ರೂ ಹೇಳಿದ್ರೆ, ಸಿಗಲ್ಲ ಅಂತಲೇ ಲೆಕ್ಕ ಹಾಕಿ. "ಪಾರ್ಟ್‌ಟೈಮ್ ಮಾಡಿ ಫೀಸು ಕಟ್ತಾನೆ" ಅನ್ನೋದೂ ಅಷ್ಟೇ. ಎಫ್-1 ವೀಸಾದಲ್ಲಿ ತರಗತಿ ನಡೆಯುವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ ಮಾತ್ರ. ಹೊರಗೆ ಅಂಗಡಿಯಲ್ಲೋ ಪೆಟ್ರೋಲ್ ಬಂಕಿನಲ್ಲೋ ಕದ್ದು ದುಡಿದ್ರೆ ವೀಸಾಕ್ಕೇ ಕುತ್ತು. 20 ಗಂಟೆಯ ಸಂಬಳದಲ್ಲಿ ಊಟ ಆಗಬಹುದು, ಫೀಸು ಆಗಲ್ಲ.

ಈಗ ಮೋಸದ ವಿಚಾರ. 2011ರಲ್ಲಿ ಕ್ಯಾಲಿಫೋರ್ನಿಯಾದ ಟ್ರೈ-ವ್ಯಾಲಿ ವಿಶ್ವವಿದ್ಯಾಲಯ ಬಾಗಿಲು ಹಾಕಿತು. ನಮ್ಮ ಪಕ್ಕದ ತೆಲುಗು ಸೀಮೆಯ ಮಕ್ಕಳೇ ಅಲ್ಲಿ ಹೆಚ್ಚಿದ್ದರು. ಕೆಲವರ ಕಾಲಿಗೆ ರೇಡಿಯೊ ಪಟ್ಟಿ ಕಟ್ಟಿದ್ರು ಅಂತ ದೇಶವೆಲ್ಲ ಕೂಗಾಡಿತು. 2019ರಲ್ಲಿ ಮಿಷಿಗನ್‌ನ ಫಾರ್ಮಿಂಗ್ಟನ್ ವಿಶ್ವವಿದ್ಯಾಲಯದ ಪ್ರಕರಣ. ಅದನ್ನ ಅಮೆರಿಕ ಸರ್ಕಾರದ ಅಧಿಕಾರಿಗಳೇ ಬಲೆಯಾಗಿ ನಡೆಸಿದ್ರು. ಪಾಠ ಇಲ್ಲ, ಮೇಷ್ಟ್ರಿಲ್ಲ. ಮೊದಲ ಸುತ್ತಿನಲ್ಲೇ ನೂರಿಪ್ಪತ್ತೊಂಬತ್ತು ಭಾರತೀಯ ವಿದ್ಯಾರ್ಥಿಗಳು ಬಂಧನವಾದ್ರು. ಸೇರಿಸಿ ಕಮಿಷನ್ ತಿಂದ ದಲ್ಲಾಳಿಗಳ ಮೇಲೂ ಕೇಸಾಯ್ತು. ಪಾಠ ಏನು? ಕಾಲೇಜಿಗೆ ಅಮೆರಿಕದ ಶಿಕ್ಷಣ ಇಲಾಖೆ ಒಪ್ಪಿದ ಸಂಸ್ಥೆಯಿಂದ ಮಾನ್ಯತೆ ಇದೆಯಾ ನೋಡಿ. ಅಷ್ಟಕ್ಕೇ ನಿಲ್ಲಬೇಡಿ. ತರಗತಿ ನಡೀತವಾ, ಅಲ್ಲಿ ಓದಿ ಮುಗಿಸಿದವರು ಯಾರಿದ್ದಾರೆ ಅಂತ ವಿಚಾರಿಸಿ. "ಕ್ಲಾಸಿಗೆ ಹೋಗಬೇಕಿಲ್ಲ, ಮೊದಲ ದಿನದಿಂದ ಕೆಲಸ ಮಾಡಬಹುದು" ಅಂತ ಹೇಳೋ ಕಾಲೇಜು ಅಂದ್ರೆ ಅಲ್ಲಿಂದ ಎದ್ದು ಬನ್ನಿ.

"ನಮ್ಮ ಕನ್ಸಲ್ಟೆನ್ಸಿಯವರು ಒಂದು ರೂಪಾಯಿ ತಗೊಳ್ಳಲಿಲ್ಲ" ಅಂತ ಕೆಲವರು ಹೊಗಳ್ತಾರೆ. ಸ್ವಾಮಿ, ಯಾರೂ ಪುಕ್ಕಟೆ ಅಂಗಡಿ ಇಟ್ಟಿಲ್ಲ. ಎಷ್ಟೋ ಕಡೆ ವಿದ್ಯಾರ್ಥಿಯನ್ನ ಕಳಿಸಿದ್ದಕ್ಕೆ ಕಾಲೇಜೇ ಕಮಿಷನ್ ಕೊಡುತ್ತೆ. ಹಾಗಾಗಿ ಅವರ ಪಟ್ಟಿಯಲ್ಲಿ ಇರೋದು ನಿಮಗೆ ಅಗ್ಗದ ಕಾಲೇಜಾ, ಅವರಿಗೆ ಕಮಿಷನ್ ಕೊಡೋ ಕಾಲೇಜಾ ಅಂತ ಕೇಳೋ ಹಕ್ಕು ನಿಮಗಿದೆ. ಅಮೆರಿಕ ಸರ್ಕಾರದ್ದೇ "ಎಜುಕೇಷನ್‌ಯುಎಸ್‌ಎ" ಅನ್ನೋ ಸಲಹಾ ಜಾಲ ಇದೆ. ಬೆಂಗಳೂರಿನಲ್ಲೂ ಇದೆ, ಹೈದರಾಬಾದಿನಲ್ಲೂ ಇದೆ. ರಾಯಚೂರಿನವರಿಗೆ ಹೈದರಾಬಾದ್ ಹತ್ತಿರವೇ. ಅವರು ಯಾವ ಕಾಲೇಜಿನ ಪರವಾಗಿಯೂ ಮಾತಾಡಲ್ಲ. ಒಂದು ಸಲ ಹೋಗಿ ಬನ್ನಿ.

ಇನ್ನು ಸಾಲ. ನಲವತ್ತು ಲಕ್ಷ, ಶೇ 10 ಬಡ್ಡಿ, ಹತ್ತು ವರ್ಷ. ತಿಂಗಳ ಕಂತು ಸುಮಾರು 53 ಸಾವಿರ. ಓದುವಾಗ ಬೆಳೆದ ಬಡ್ಡಿ ಇದರಲ್ಲಿ ಸೇರಿಲ್ಲ. ಹುಡುಗನಿಗೆ ಅಲ್ಲಿ ಕೆಲಸ ಸಿಕ್ಕರೆ ತೀರುತ್ತೆ. ಸಿಗದೆ ಬೆಂಗಳೂರಿಗೆ ಬಂದು ನಲವತ್ತು ಸಾವಿರದ ಕೆಲಸಕ್ಕೆ ಸೇರಿದ್ರೆ? ಕಂತಿಗೇ ಹದಿಮೂರು ಸಾವಿರ ಕಡಿಮೆ. ಆಗ ಹೊಲ ಮಾತಾಡುತ್ತೆ. ಓದು ಮುಗಿದ ಮೇಲೆ ಒಂದು ವರ್ಷ, ವಿಜ್ಞಾನ-ಎಂಜಿನಿಯರಿಂಗ್‌ನವರಿಗೆ ಇನ್ನೆರಡು ವರ್ಷ ಕೆಲಸ ಮಾಡೋ ಅವಕಾಶ ಕಾನೂನಿನಲ್ಲಿದೆ. ಆಮೇಲೆ ಎಚ್-1ಬಿ, ಅದು ಲಾಟರಿ. 2025ರಲ್ಲಿ ಏನಾಯ್ತು ನೋಡಿದ್ವಲ್ಲ. ಮೇ ಕೊನೆಯಲ್ಲಿ ವಿದ್ಯಾರ್ಥಿ ವೀಸಾಗಳ ಹೊಸ ಸಂದರ್ಶನಕ್ಕೆ ತಡೆ, ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಅಂತ ಘೋಷಣೆ. ವಾಷಿಂಗ್ಟನ್‌ನಲ್ಲಿ ಒಂದು ಸಹಿ ಬಿದ್ರೆ ಪೋತ್ನಾಳದ ಮನೆಯಲ್ಲಿ ಒಲೆ ಉರಿಯೋದು ಕಷ್ಟ ಆಗಬಾರದು.

ಹಾಗಾಗಿ ನಾನು ಹೇಳೋದು ಇಷ್ಟು. ಭಾರತದ ಸಂಬಳದಲ್ಲಿ ತೀರಿಸೋಕೆ ಆಗುವಷ್ಟೇ ಸಾಲ ಮಾಡಿ. ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಆದ್ರೂ ಆ ಕಾಲೇಜು ನಿಮಗೆ ದುಬಾರಿ, ಅದರ ಹೆಸರು ಎಷ್ಟೇ ದೊಡ್ಡದಿರಲಿ. ಇಲ್ಲೇ ಡಿಗ್ರಿ ಮುಗಿಸಿ, ರಾಯಚೂರಿನಲ್ಲೇ ಕೃಷಿ ವಿಶ್ವವಿದ್ಯಾಲಯ ಇದೆ, ಐಐಐಟಿ ಇದೆ, ಆಮೇಲೆ ಫೀಸು ಮನ್ನಾ ಸಿಗೋ ಪಿಎಚ್.ಡಿಗೆ ಹೋಗೋದು ಸೋಲಲ್ಲ. ಪರಿಶಿಷ್ಟ ಜಾತಿ, ಭೂಮಿ ಇಲ್ಲದ ಕೃಷಿ ಕೂಲಿಕಾರರ ಮಕ್ಕಳಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ನಮ್ಮ ರಾಜ್ಯದ "ಪ್ರಬುದ್ಧ" ಯೋಜನೆ ಇದೆ. ಇವುಗಳ ಅರ್ಜಿ ಹೇಗೆ ಹಾಕೋದು ಅಂತ ಮಾನ್ವಿ, ದೇವದುರ್ಗದ ಕಾಲೇಜುಗಳಲ್ಲಿ ಎಷ್ಟು ಮಕ್ಕಳಿಗೆ ಹೇಳಿಕೊಟ್ಟಿದ್ದಾರೆ? ಈ ಪ್ರಶ್ನೆಗೆ ಅಧಿಕಾರಿಗಳು, ಜನಪ್ರತಿನಿಧಿಗಳು ಉತ್ತರ ಕೊಡಬೇಕು. ಹಿಂದುಳಿದ ತಾಲ್ಲೂಕು ಅಂತ ವರದಿಯಲ್ಲಿ ಬರೆದರೆ ಸಾಲದು, ಮುಂದೆ ಹೋಗೋ ಹುಡುಗನಿಗೆ ದಾರಿ ತೋರಿಸಬೇಕು.

ಅಪ್ಪ-ಅಮ್ಮಂದಿರೇ, ಇವತ್ತು ರಾತ್ರಿ ಊಟ ಆದ್ಮೇಲೆ ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸ್ಕೊಳ್ಳಿ. ಒಂದು ಹಾಳೆ, ಒಂದು ಪೆನ್ನು. ಒಟ್ಟು ಖರ್ಚು ಎಷ್ಟು, ಕೈಯಲ್ಲಿ ಎಷ್ಟು, ಸಾಲ ಎಷ್ಟು, ಕಂತು ಎಷ್ಟು? ನಾಲ್ಕು ಸಾಲು ಬರೀರಿ. ಆ ನಾಲ್ಕು ಸಾಲು ಕೂಡಿ ಬಂದ್ರೆ ಧೈರ್ಯವಾಗಿ ಕಳಿಸಿ. ಕೂಡದಿದ್ರೆ ಬೇರೆ ಕಾಲೇಜು ಹುಡುಕಿ. ಕಾಲೇಜುಗಳು ಸಾವಿರಾರು ಇವೆ. ಇರೋ ಹೊಲ ಒಂದೇ.