ಕೊಬ್ಬರಿ ಮಾರೋ ಕೈಗೆ ಮಡ್ಲಕ್ಕಿ ಯಾಕಿಲ್ಲ?

ಇವತ್ತು ಸಿನಿಮಾ ಬಗ್ಗೆ ಮಾತಾಡೋಣ. ಆದ್ರೆ ಮೊದಲು ನನ್ನ ಫೋನಲ್ಲಿರೋ ಒಂದು ವಿಡಿಯೋ ಬಗ್ಗೆ ಹೇಳ್ಬೇಕು.

ಹೋದ ವರ್ಷ ನಮ್ಮಕ್ಕನ ಸೀಮಂತ. ರೀಲ್ಸ್‌ಗೆ ಅಂತ ನಾನೇ ಶೂಟ್ ಮಾಡ್ತಿದ್ದೆ. ಹಸಿರು ಬಳೆ, ಹಸಿರು ಸೀರೆ, ಮುತ್ತೈದೆಯರು ಸಾಲಾಗಿ ಬಂದು ಅಕ್ಕನ ಮಡಿಲಿಗೆ ಅಕ್ಕಿ, ಬೆಲ್ಲ, ಎಲೆ ಅಡಿಕೆ, ಎರಡು ಗಿಟುಕು ಕೊಬ್ಬರಿ ಹಾಕ್ತಿದ್ದಾರೆ. ರಾತ್ರಿ ಎಡಿಟ್ ಮಾಡೋಕೆ ಕೂತಾಗ ನೋಡಿದೆ, ಫ್ರೇಮಿನ ಮೂಲೇಲಿ, ಅಡುಗೆಮನೆ ಬಾಗಿಲ ಹತ್ರ, ಅರ್ಧ ಮುಖ ಕಾಣೋ ಹಾಗೆ ಅಮ್ಮ ನಿಂತಿದ್ದಾಳೆ. ಅಪ್ಪ ತೀರಿಕೊಂಡು ಆರು ವರ್ಷ ಆಗಿತ್ತು. "ನೀನು ಒಳಗಿರಮ್ಮ" ಅಂತ ಅತ್ತೆ ಮೆತ್ತಗೆ ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು. ಆದ್ರೂ ನಾನು ರೆಕಾರ್ಡಿಂಗ್ ನಿಲ್ಲಿಸಿರಲಿಲ್ಲ.

ನಮ್ಮದು ತಿಪಟೂರು ಸೀಮೆ. ಇಲ್ಲಿ ಕಾಯಿ ಕಿತ್ತ ತಕ್ಷಣ ಕೊಬ್ಬರಿ ಆಗಲ್ಲ. ಅಟ್ಟದ ಮೇಲೆ ಹಾಕಿ ಹತ್ತು ಹನ್ನೊಂದು ತಿಂಗಳು ಕಾಯ್ಬೇಕು. ಒಳಗಿನ ನೀರು ಇಂಗಿ, ಅಲ್ಲಾಡಿಸಿದ್ರೆ ಉಂಡೆ ಒಳಗೇ ಲೊಟಲೊಟ ಅನ್ಬೇಕು. ಅಪ್ಪ ಹೋದ ಮೇಲೆ ಅಟ್ಟ ನೋಡ್ಕೊಳ್ಳೋದು, ಸುಲಿಯೋರಿಗೆ ಕೂಲಿ ಕೊಡೋದು, ಎಪಿಎಂಸಿಗೆ ಮೂಟೆ ಕಳಿಸಿ ಟೆಂಡರ್ ರೇಟು ಕೇಳೋದು ಎಲ್ಲಾ ಅಮ್ಮನೇ. ಬಿಕಾಂ ಓದಿದೋಳು ನಾನಾದ್ರೂ ಲೆಕ್ಕದಲ್ಲಿ ಅವಳೇ ಚುರುಕು. ಕ್ವಿಂಟಾಲ್‌ಗಟ್ಟಲೆ ಕೊಬ್ಬರಿ ಮಾರೋ ಕೈ, ಮಗಳ ಮಡಿಲಿಗೆ ಎರಡು ಗಿಟುಕು ಹಾಕೋ ಹಾಗಿಲ್ಲ. ಈ ಲೆಕ್ಕ ನನಗೆ ಯಾವತ್ತೂ ಟ್ಯಾಲಿ ಆಗಿಲ್ಲ.

ಅದಾದ ಮೇಲೆ ನಾನು ನೋಡಿದ ಸಿನಿಮಾ 'ಘಟಶ್ರಾದ್ಧ'. 1977ರದ್ದು, ಗಿರೀಶ್ ಕಾಸರವಳ್ಳಿ ಅವರ ಮೊದಲ ಚಿತ್ರ, ಸ್ವರ್ಣ ಕಮಲ ಪಡೆದದ್ದು. ಯು.ಆರ್. ಅನಂತಮೂರ್ತಿ ಅವರ ಕಥೆ. ಎಳೆ ವಯಸ್ಸಿನ ವಿಧವೆ ಯಮುನಕ್ಕ ಗರ್ಭಿಣಿ ಆಗ್ತಾಳೆ. ಅವಳು ಬದುಕಿರುವಾಗಲೇ ಸ್ವಂತ ಅಪ್ಪ ಅವಳ ಶ್ರಾದ್ಧ ಮಾಡ್ತಾನೆ. ಇದನ್ನೆಲ್ಲ ನಾವು ನೋಡೋದು ನಾಣಿ ಅನ್ನೋ ಪುಟ್ಟ ಹುಡುಗನ ಕಣ್ಣಲ್ಲಿ. ಅವನಿಗೆ ಯಮುನಕ್ಕ ಅಂದ್ರೆ ಪ್ರಾಣ, ಆದ್ರೆ ಅವನ ಕೈಲಿ ಏನೂ ಆಗಲ್ಲ. 2024ರಲ್ಲಿ ಈ ಚಿತ್ರದ ಹೊಸ ಪ್ರತಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಆಯ್ತು. ಹಳೇ ಸಿನಿಮಾ ಅಂತ ಪಕ್ಕಕ್ಕಿಡೋಕೆ ನನಗಂತೂ ಆಗ್ಲಿಲ್ಲ. ನಾಣಿ ಹಾಗೆ ನಾನೂ ನೋಡ್ತಾ ನಿಂತಿದ್ದೆ. ವ್ಯತ್ಯಾಸ ಏನಂದ್ರೆ ಅವನು ಮಗು, ನನಗೆ ಇಪ್ಪತ್ತೇಳು ಆಗಿತ್ತು.

ಚಿಕ್ಕಪ್ಪನ ಹತ್ರ ಹೇಳಿದಾಗ ಅವರು ನಕ್ಕರು. "ಅದು ಅಗ್ರಹಾರದ ಕಥೆ ಕಣಮ್ಮಾ. ನಮ್ಮಲ್ಲಿ ಯಾರು ತಲೆ ಬೋಳಿಸ್ತಿದ್ರು? ನಮ್ಮಲ್ಲಿ ಕೂಡಿಕೆ ಇತ್ತು." ಅವರು ಹೇಳಿದ್ದು ಸುಳ್ಳಲ್ಲ. ಹಳೇ ಮೈಸೂರಿನ ಎಷ್ಟೋ ಜಾತಿಗಳಲ್ಲಿ ಗಂಡ ಸತ್ತ ಹೆಣ್ಣು ಮತ್ತೆ ಸಂಸಾರ ಮಾಡೋಕೆ ಕೂಡಿಕೆ ಅನ್ನೋ ದಾರಿ ಇತ್ತು. ಆದ್ರೆ ಹಾಗೆ ಕೂಡಿಕೆ ಆದವಳನ್ನೂ ಮದುವೆ ಶಾಸ್ತ್ರಗಳಿಗೆ ಮುಂದೆ ಬಿಡ್ತಿರಲಿಲ್ಲ. ನಮ್ಮಲ್ಲಿ ಕ್ಷೌರದ ಕತ್ತಿ ಇರಲಿಲ್ಲ, ಸರಿ. ಅರಿಶಿನ ಕುಂಕುಮದ ತಟ್ಟೆ ಅವಳ ಮುಂದೆ ಬಂದಾಗ ಪಕ್ಕಕ್ಕೆ ತಿರುಗುತ್ತಲ್ಲ, ಅದು ಇವತ್ತಿಗೂ ಇದೆ.

ಎರಡನೇ ಸಿನಿಮಾ 'ಫಣಿಯಮ್ಮ'. 1983ರದ್ದು. ಎಂ.ಕೆ. ಇಂದಿರಾ ಅವರ ಕಾದಂಬರಿ, ಪ್ರೇಮಾ ಕಾರಂತರ ನಿರ್ದೇಶನ. ಬರೆದವರೂ ಹೆಣ್ಣು, ಚಿತ್ರ ಮಾಡಿದವರೂ ಹೆಣ್ಣು. ಇದನ್ನ ಅಮ್ಮನ ಜೊತೆ ನೋಡ್ದೆ, ಮೊಬೈಲನ್ನ ಚೊಂಬಿಗೆ ಒರಗಿಸಿ. ಬಾಲ್ಯದಲ್ಲೇ ಗಂಡನನ್ನ ಕಳ್ಕೊಂಡ ಫಣಿಯಮ್ಮ ಜೀವನಪೂರ್ತಿ ಊರಿನ ಚಾಕರಿ ಮಾಡ್ತಾಳೆ. ಕಷ್ಟದ ಹೆರಿಗೆ ಅಂದಾಗ ಮಡಿ ಮೈಲಿಗೆ ಬದಿಗಿಟ್ಟು ಬೇರೆ ಜಾತಿಯ ಹೆಣ್ಣಿನ ಹತ್ರ ಹೋಗ್ತಾಳೆ. ತಲೆ ಬೋಳಿಸಿಕೊಳ್ಳಲ್ಲ ಅಂತ ಹಠ ಹಿಡಿದ ಇನ್ನೊಬ್ಬ ಚಿಕ್ಕ ವಿಧವೆಯ ಪರ ನಿಲ್ತಾಳೆ. ತನಗೆ ಆಗಿದ್ದು ಇನ್ನೊಬ್ಬಳಿಗೆ ಆಗೋದು ಬೇಡ, ಅಷ್ಟೇ ಅವಳ ವಾದ.

ಸಿನಿಮಾ ಮುಗಿದ ಮೇಲೆ ಅಮ್ಮ ಸುಮಾರು ಹೊತ್ತು ಸುಮ್ಮನಿದ್ಲು. ಆಮೇಲೆ "ಆಯಮ್ಮ ಯಾರನ್ನೂ ಬೈಲಿಲ್ಲ ನೋಡು" ಅಂದ್ಲು. ಎದ್ದು ಹೋಗಿ ಲೈಟ್ ಆರಿಸಿದ್ಲು.

ಮಂಸೋರೆ ಅವರ 'ನಾತಿಚರಾಮಿ', 2018ರದ್ದು, ನಾನೊಬ್ಬಳೇ ನೋಡಿದೆ. ಬೆಂಗಳೂರಲ್ಲಿ ಕೆಲಸ ಮಾಡೋ ಗೌರಿ, ಗಂಡನಿಲ್ಲ, ದೇಹದ ಬಯಕೆ ಇದೆ, ಅದನ್ನ ಹೇಳ್ಕೊಳ್ಳೋಕೆ ಜಾಗ ಇಲ್ಲ. ಅಮ್ಮನ ಜೊತೆ ನೋಡೋ ಧೈರ್ಯ ನನಗೆ ಬರಲಿಲ್ಲ. ಗಂಡ ಸತ್ತಾಗ ನಮ್ಮಮ್ಮನಿಗೆ ನಲವತ್ತಾರು. ಅವಳಿಗೂ ಒಂಟಿತನ ಇರಬಹುದು ಅಂತ ಮಗಳಾಗಿ ನಾನು ಒಂದು ದಿನವೂ ಯೋಚಿಸಿರಲಿಲ್ಲ. ಅಡುಗೆಮನೆ ಬಾಗಿಲಲ್ಲಿ ಅವಳನ್ನ ನಿಲ್ಲಿಸಿದ್ದು ಅತ್ತೆ ಒಬ್ಬರೇ ಅಲ್ಲ.

1894ರಲ್ಲೇ ಮೈಸೂರು ಸಂಸ್ಥಾನ ತೀರಾ ಎಳೆ ಹುಡುಗಿಯರ ಮದುವೆ ತಡೆಯೋ ಕಾನೂನು ತಂದಿತ್ತು. ಬ್ರಿಟಿಷ್ ಇಂಡಿಯಾದಲ್ಲಿ ವಿಧವಾ ವಿವಾಹಕ್ಕೆ ಕಾನೂನು ಅದಕ್ಕೂ ಮೊದಲೇ, 1856ರಲ್ಲೇ ಬಂದಿತ್ತು. ಆದ್ರೆ ಮಡ್ಲಕ್ಕಿ ಯಾರು ಹಾಕ್ಬೇಕು ಅನ್ನೋದಕ್ಕೆ ಯಾವ ಕಾನೂನೂ ಬರಲ್ಲ. ಅದು ನಮ್ಮನೆ ನಡುಮನೇಲೇ ತೀರ್ಮಾನ ಆಗ್ಬೇಕು.

ಬಾಣಂತನ ಮುಗಿದು ಅಕ್ಕ ಮಗು ಎತ್ಕೊಂಡು ಗಂಡನ ಮನೆಗೆ ಹೊರಟ ದಿನ ಮತ್ತೆ ಮಡ್ಲಕ್ಕಿ ಶಾಸ್ತ್ರ. ಈ ಸಲ ನಾನು ಫೋನ್ ಹಿಡೀಲಿಲ್ಲ. ಅಕ್ಕ ಸೆರಗು ಒಡ್ಡಿಕೊಂಡು ನೇರ ಅಡುಗೆಮನೆಗೇ ಹೋದ್ಲು. "ಅಮ್ಮ, ನೀನು ಹಾಕು." ಅಮ್ಮ ಹಿಂದೆ ಸರಿದ್ಲು. "ಬ್ಯಾಡ ಕಣೇ, ಕೂಸಿಗೆ ಏನಾದ್ರೂ ಆದ್ರೆ?" ಅಂದ್ಲು. ಅವಳಿಗಿದ್ದದ್ದು ಅತ್ತೆ ಭಯ ಅಂದ್ಕೊಂಡಿದ್ದೆ. ಅವಳು ಹೆದರ್ತಿದ್ದದ್ದು ತನ್ನ ಕೈಗೇ.

ಕೊನೆಗೆ ಅಕ್ಕಿ, ಅರಿಶಿನ ಕುಂಕುಮ ಅತ್ತೇನೇ ಹಾಕಿದ್ರು. ಕೊಬ್ಬರಿ ಮಾತ್ರ ಅಮ್ಮ ಹಾಕಿದ್ಲು. ಅಟ್ಟದಿಂದ ತಾನೇ ಆರಿಸಿ ತಂದ ಎರಡು ಗಿಟುಕು. ಅತ್ತೆ ಏನೂ ಅನ್ನಲಿಲ್ಲ. ಪೂರ್ತಿ ಗೆದ್ವಿ ಅಂತ ಹೇಳಲ್ಲ. ಮಗು ಆರಾಮಾಗಿದೆ, ಅಮ್ಮ ದಿನಾ ವಿಡಿಯೋ ಕಾಲ್‌ನಲ್ಲಿ ನೋಡ್ತಾಳೆ.

ನಿಮ್ಮ ಗ್ಯಾಲರೀಲೂ ಮದುವೆ, ಸೀಮಂತ, ನಾಮಕರಣದ ವಿಡಿಯೋ ಇರುತ್ತೆ. ಇವತ್ತು ಒಂದ್ಸಲ ಹಾಕಿ ನೋಡಿ. ಮಧ್ಯದಲ್ಲಿರೋರನ್ನ ಬಿಡಿ, ಫ್ರೇಮಿನ ಅಂಚಲ್ಲಿ, ಬಾಗಿಲ ಹತ್ರ ಯಾರು ನಿಂತಿದ್ದಾರೆ ನೋಡಿ. ಮುಂದಿನ ಸಲ ತಟ್ಟೆ ತಗೊಂಡು ಮೊದಲು ಅವರ ಹತ್ರ ಹೋಗಿ.

ಮುಂದಿನ ಕಂತಲ್ಲಿ ಸಿಗೋಣ.