ಗೋಡೆಗೆ ಮುನ್ನ ನಕ್ಷೆ



ಮನೆ ಕಟ್ಟಿಸಿದವರಿಗೆಲ್ಲ ಒಂದು ಅನುಭವ ಉಂಟು. ಗೋಡೆ ಎದ್ದ ಮೇಲೆ ಕಿಟಕಿಯನ್ನು ಪಕ್ಕಕ್ಕೆ ಸರಿಸಬೇಕೆಂದರೆ ಮೇಸ್ತ್ರಿ ಮುಖ ಸಿಂಡರಿಸುತ್ತಾನೆ. ನಕ್ಷೆಯಲ್ಲಿ ರಬ್ಬರಿನಿಂದ ಅಳಿಸಬಹುದಾಗಿದ್ದ ಗೆರೆಯನ್ನು ಈಗ ಸುತ್ತಿಗೆಯಿಂದ ಅಳಿಸಬೇಕು. ಇಟ್ಟಿಗೆ, ಸಿಮೆಂಟು, ಕೂಲಿ ಎಲ್ಲವೂ ದಂಡ.

ಮನೆಗೆ ಸಲ್ಲುವ ಈ ಮಾತು ಸಾವಿರಾರು ಜನ ದುಡಿಯುವ ಬ್ಯಾಂಕಿಗೆ, ಕಾರ್ಖಾನೆಗೆ, ಸರ್ಕಾರಿ ಇಲಾಖೆಗೆ ಸಲ್ಲದೆ ಇದ್ದೀತೆ? ಅಲ್ಲಿ ಸಾಮಾನ್ಯವಾಗಿ ಆಗುವುದೇನು? ಸಂಬಳದ ವಿಭಾಗ ಒಂದು ಕಂಪ್ಯೂಟರ್ ವ್ಯವಸ್ಥೆ ತರಿಸಿಕೊಳ್ಳುತ್ತದೆ. ಉಗ್ರಾಣದವರು ಮತ್ತೊಂದನ್ನು ತರುತ್ತಾರೆ, ಲೆಕ್ಕಪತ್ರದವರು ಮೂರನೆಯದನ್ನು. ಹತ್ತು ವರ್ಷ ಕಳೆಯುವುದರೊಳಗೆ ಒಬ್ಬನೇ ವ್ಯಕ್ತಿಯ ಹೆಸರು ಮೂರು ಕಡೆ ಮೂರು ರೀತಿಯಲ್ಲಿ ಬರೆಯಲ್ಪಟ್ಟಿರುತ್ತದೆ. ಯಾವುದು ಸರಿ ಎಂದು ಹೇಳಬಲ್ಲವರು ಯಾರೂ ಇರುವುದಿಲ್ಲ.

ಈ ಗೊಂದಲಕ್ಕೆ ಮದ್ದಾಗಿ ಬೆಳೆದ ಶಾಸ್ತ್ರಕ್ಕೆ ‘ಎಂಟರ್‌ಪ್ರೈಸ್ ಆರ್ಕಿಟೆಕ್ಚರ್’ ಎಂದು ಹೆಸರು. ಸಂಸ್ಥೆಯ ಕೆಲಸ, ಮಾಹಿತಿ, ತಂತ್ರಾಂಶ ಮತ್ತು ಯಂತ್ರಗಳು ಒಂದಕ್ಕೊಂದು ಹೇಗೆ ಹೊಂದಿಕೊಳ್ಳಬೇಕೆಂದು ತೋರುವ ಸಮಗ್ರ ನಕ್ಷೆ ಎಂದು ಇದನ್ನು ಕನ್ನಡದಲ್ಲಿ ವಿವರಿಸಬಹುದು.

ಇದಕ್ಕೆ ತಳಹದಿ ಹಾಕಿದವರಲ್ಲಿ ಮುಖ್ಯರು ಐಬಿಎಂ ಸಂಸ್ಥೆಯಲ್ಲಿದ್ದ ಜಾನ್ ಝಾಕ್‌ಮನ್. ಕಟ್ಟಡ ಮತ್ತು ವಿಮಾನಗಳಂಥ ಜಟಿಲ ವಸ್ತುಗಳನ್ನು ನಿರ್ಮಿಸುವವರು ಯಾವ ಯಾವ ನಕ್ಷೆಗಳನ್ನು ಬರೆದುಕೊಳ್ಳುತ್ತಾರೆಂದು ಅವರು ಗಮನಿಸಿದರು. ಮಾಲೀಕ ನೋಡುವ ಚಿತ್ರ ಒಂದು, ವಿನ್ಯಾಸಕಾರನದು ಇನ್ನೊಂದು, ಕಟ್ಟುವವನದು ಮತ್ತೊಂದು. ಇವುಗಳಲ್ಲಿ ಯಾವುದೂ ಸುಳ್ಳಲ್ಲ, ಯಾವುದೊಂದೂ ಪೂರ್ಣವಲ್ಲ. ಈ ವಿಚಾರವನ್ನು ಅವರು 1987ರ ಒಂದು ಲೇಖನದಲ್ಲಿ ಮನೆಗಳುಳ್ಳ ಪಟ್ಟಿಯಾಗಿ ಮಂಡಿಸಿದರು. ಏನು, ಹೇಗೆ, ಎಲ್ಲಿ ಎಂಬ ಮೂರು ಪ್ರಶ್ನೆಗಳು ಅದರಲ್ಲಿದ್ದವು. 1992ರಲ್ಲಿ ಜಾನ್ ಸೋವಾ ಅವರೊಡನೆ ಬರೆದ ಲೇಖನದಲ್ಲಿ ಯಾರು, ಯಾವಾಗ, ಏಕೆ ಎಂಬ ಇನ್ನೂ ಮೂರು ಸೇರಿಕೊಂಡವು.

ಪಟ್ಟಿಯೇನೋ ಸಿದ್ಧವಾಯಿತು. ಆದರೆ ಯಾವ ಕೆಲಸ ಮೊದಲು, ಯಾವುದು ನಂತರ? ಅದನ್ನು ಹೇಳುವ ವಿಧಾನ ಬೇಕಾಯಿತು. ಅಮೆರಿಕದ ರಕ್ಷಣಾ ಇಲಾಖೆ ರೂಪಿಸಿದ್ದ ಚೌಕಟ್ಟನ್ನು ಆಧರಿಸಿ ‘ಓಪನ್ ಗ್ರೂಪ್’ ಎಂಬ ಒಕ್ಕೂಟ 1995ರಲ್ಲಿ ‘ಟೋಗಾಫ್’ ಪದ್ಧತಿಯನ್ನು ಹೊರತಂದಿತು. ಇಂದು ಹೆಚ್ಚು ಬಳಕೆಯಲ್ಲಿರುವ ಪದ್ಧತಿಗಳಲ್ಲಿ ಇದೂ ಒಂದು. ಇದರ ಕ್ರಮ ಸರಳ. ಮೊದಲು ಸಂಸ್ಥೆಯ ಗುರಿ ಏನೆಂದು ಹಿರಿಯರೆಲ್ಲ ಒಪ್ಪಬೇಕು. ಅನಂತರ ಅಲ್ಲಿ ನಡೆಯುವ ಕೆಲಸಗಳನ್ನು, ಅವಕ್ಕೆ ಬೇಕಾದ ಮಾಹಿತಿ ಹಾಗೂ ತಂತ್ರಾಂಶಗಳನ್ನು ಗುರುತಿಸಬೇಕು. ಯಂತ್ರಗಳ ಮಾತು ಬರುವುದು ಅದಾದ ಮೇಲೆ. ಪ್ರತಿ ಹಂತದಲ್ಲೂ ‘ಇಂದು ಹೇಗಿದೆ, ಮುಂದೆ ಹೇಗಿರಬೇಕು’ ಎಂಬ ಎರಡು ಚಿತ್ರ ಬರೆದು, ನಡುವಿನ ಕಂದರ ಎಷ್ಟೆಂದು ಅಳೆಯಬೇಕು. ಆ ಕಂದರ ದಾಟುವ ಮೆಟ್ಟಿಲುಗಳನ್ನು ಯೋಜಿಸಿ, ಕೆಲಸ ನಕ್ಷೆಯಂತೆ ಸಾಗುತ್ತಿದೆಯೇ ಎಂದು ಕಾವಲಿರಬೇಕು. ಕಾಲ ಬದಲಾದರೆ ಸುತ್ತು ಮತ್ತೆ ಮೊದಲಾಗಬೇಕು.

ಈ ಕ್ರಮ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ್ದೇ ಉದಾಹರಣೆಯಿದೆ. ಸರ್ಕಾರಿ ಸಂಸ್ಥೆಗಳು ಇಂಥ ನಕ್ಷೆ ಹೊಂದಿರಬೇಕೆಂದು ಆ ದೇಶ 1996ರಲ್ಲೇ ಕಾನೂನು ಮಾಡಿತ್ತು. ಆದರೂ ಅಲ್ಲಿನ ತನಿಖಾ ಸಂಸ್ಥೆ ಎಫ್‌ಬಿಐ, ಪ್ರಕರಣಗಳ ಕಡತಗಳನ್ನು ಕಂಪ್ಯೂಟರಿನಲ್ಲೇ ನಿರ್ವಹಿಸುವ ‘ವರ್ಚುಯಲ್ ಕೇಸ್ ಫೈಲ್’ ಯೋಜನೆಗೆ ಪೂರ್ಣ ನಕ್ಷೆಯಿಲ್ಲದೆ ಕೈಹಾಕಿತು. ಅಷ್ಟರಲ್ಲಿ 2001ರ ಸೆಪ್ಟೆಂಬರ್ 11ರ ದಾಳಿ ನಡೆಯಿತು. ಅಪರಾಧ ನಡೆದ ಮೇಲೆ ತನಿಖೆ ಮಾಡುವುದಕ್ಕಿಂತ ಮುಂಚಿತವಾಗಿ ತಡೆಯುವುದೇ ಸಂಸ್ಥೆಯ ಮುಖ್ಯ ಹೊಣೆಯಾಯಿತು. ಗುರಿ ಬದಲಾಯಿತು, ಬೇಡಿಕೆಗಳ ಪಟ್ಟಿ ಬೆಳೆಯುತ್ತ ಹೋಯಿತು, ತಂತ್ರಾಂಶ ಬರೆಯುವ ಕೆಲಸ ಮಾತ್ರ ನಿಲ್ಲಲಿಲ್ಲ. ಸಂಸ್ಥೆಗೆ ಸಮಗ್ರ ನಕ್ಷೆ ಇಲ್ಲದಿರುವುದೇ ದೊಡ್ಡ ಕೊರತೆಯೆಂದು ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಸಮಿತಿ 2004ರಲ್ಲಿ ಎಚ್ಚರಿಸಿತು. ಸುಮಾರು 17 ಕೋಟಿ ಡಾಲರ್ ವೆಚ್ಚದ ಆ ಯೋಜನೆಯನ್ನು 2005ರಲ್ಲಿ ಕೈಬಿಡಬೇಕಾಯಿತು. ಅದರ ಬದಲಿಗೆ ಕೈಗೊಂಡ ‘ಸೆಂಟಿನೆಲ್’ ವ್ಯವಸ್ಥೆ ಸಿಬ್ಬಂದಿಗೆಲ್ಲ ದೊರೆತದ್ದು 2012ರಲ್ಲಿ. ಭಯೋತ್ಪಾದನೆಯ ಸುಳಿವುಗಳನ್ನು ಒಂದಕ್ಕೊಂದು ಜೋಡಿಸಬೇಕಾಗಿದ್ದ ಕಾಲದಲ್ಲಿ ಕಡತಗಳು ಹಳೆಯ ವ್ಯವಸ್ಥೆಯಲ್ಲೇ ಉಳಿದವು. ಹೋದದ್ದು ಹಣವೊಂದೇ ಅಲ್ಲ.

ಕರ್ನಾಟಕದ ‘ಭೂಮಿ’ ಯೋಜನೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಅದನ್ನು ರೂಪಿಸಿದವರು ಟೋಗಾಫ್ ಹಿಡಿದು ಹೊರಟರೆಂದಲ್ಲ. ಆದರೆ ಪ್ರಶ್ನೆಗಳು ಅವೇ. ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವ ಯತ್ನ ಅದಕ್ಕೂ ಮುನ್ನ ನಡೆದಿತ್ತು. ಆದರೆ ತಂದೆ ತೀರಿಕೊಂಡು ಮಗನ ಹೆಸರಿಗೆ ಖಾತೆಯಾದಾಗ, ಜಮೀನು ಮಾರಾಟವಾದಾಗ, ಆ ಬದಲಾವಣೆ ಕೈಬರಹದ ಪುಸ್ತಕದಲ್ಲಷ್ಟೇ ಆಗುತ್ತಿತ್ತು. ಹೀಗಾಗಿ ಕಂಪ್ಯೂಟರಿನಲ್ಲಿದ್ದ ದಾಖಲೆ ಬೇಗನೆ ಹಳಸಿತು. ‘ಭೂಮಿ’ಯಲ್ಲಿ ಯಂತ್ರಕ್ಕಿಂತ ಕೆಲಸದ ರೀತಿಯೇ ಬದಲಾಯಿತು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ಇತ್ಯರ್ಥವಾಗಬೇಕು. ದಾಖಲೆ ತಿದ್ದುವ ಅಧಿಕಾರಿ ಬೆರಳಚ್ಚು ಕೊಟ್ಟೇ ಒಳಹೋಗಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಕೈಬರಹದ ಪಹಣಿಗೆ ಇನ್ನು ಬೆಲೆಯಿಲ್ಲ ಎಂದು ಸರ್ಕಾರ ಸಾರಿತು. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಹೀಗೆ ಒಂದೇ ವ್ಯವಸ್ಥೆಗೆ ಬಂದವು. ಗ್ರಾಮ ಲೆಕ್ಕಿಗರನ್ನು ಹುಡುಕಿ ಅಲೆಯುತ್ತಿದ್ದ ರೈತನಿಗೆ, ಯೋಜನೆ ಜಾರಿಯಾದಾಗ ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ 15 ರೂಪಾಯಿಗೆ ಪಹಣಿ ಸಿಕ್ಕಿತು.

ಆದರೂ ಒಂದು ಇಲಾಖೆಯ ಮನೆ ಸರಿಯಾದರೆ ಊರಿನ ಬೀದಿ ನೇರವಾದಂತಲ್ಲ. ಜಮೀನಿನ ಕ್ರಯಪತ್ರ ನೋಂದಾಯಿಸುವವರು ಒಂದು ಇಲಾಖೆ, ಪಹಣಿ ಬರೆಯುವವರು ಇನ್ನೊಂದು, ಅಳತೆ ಮಾಡುವವರು ಮತ್ತೊಂದು. ಜಮೀನು ಮಾತ್ರ ಒಂದೇ. ಇವರೆಲ್ಲರ ನಡುವೆ ಮಾಹಿತಿ ಸಲೀಸಾಗಿ ಹರಿಯಬೇಕಾದರೆ ಎಲ್ಲರಿಗೂ ಸಲ್ಲುವ ನಕ್ಷೆ ಬೇಕು. ಭಾರತ ಸರ್ಕಾರ 2018ರಲ್ಲಿ ‘ಇಂಡಿಯಾ’ ಮತ್ತು ‘ಎಂಟರ್‌ಪ್ರೈಸ್ ಆರ್ಕಿಟೆಕ್ಚರ್’ ಎಂಬ ಎರಡು ಹೆಸರುಗಳನ್ನು ಕೂಡಿಸಿ ‘ಇಂಡಿಇಎ’ ಎಂಬ ಚೌಕಟ್ಟನ್ನು ಪ್ರಕಟಿಸಿದ್ದು ಈ ಉದ್ದೇಶದಿಂದಲೇ.

ಇಷ್ಟಾಗಿಯೂ ಒಂದು ಎಚ್ಚರಿಕೆ ಅಗತ್ಯ. ನಕ್ಷೆ ಬರೆಯುವುದೇ ಕೆಲಸವಾಗಿ, ದಪ್ಪ ದಪ್ಪ ಕಡತಗಳು ಬೀರು ಸೇರಿದರೆ ಮನೆ ಏಳುವುದಿಲ್ಲ. ಟೋಗಾಫ್ ಕೂಡ ತನ್ನ ಹಂತಗಳನ್ನು ಆಯಾ ಸಂಸ್ಥೆಯ ಅಳತೆಗೆ ತಕ್ಕಂತೆ ಕತ್ತರಿಸಿಕೊಳ್ಳಲು ಹೇಳುತ್ತದೆ. ಸಣ್ಣ ಸಹಕಾರ ಸಂಘಕ್ಕೆ ನಾಲ್ಕು ಹಾಳೆ ಸಾಕಾದೀತು. ಆ ನಾಲ್ಕು ಹಾಳೆಯನ್ನು ಗುಮಾಸ್ತನಿಂದ ಅಧ್ಯಕ್ಷನವರೆಗೆ ಎಲ್ಲರೂ ಓದಿ ಒಪ್ಪಿರಬೇಕು, ಅಷ್ಟೆ.

ಝಾಕ್‌ಮನ್ ಪಟ್ಟಿಗೆ ‘ಏಕೆ’ ಎಂಬ ಪ್ರಶ್ನೆ ಐದು ವರ್ಷ ತಡವಾಗಿ ಬಂತು. ಅನೇಕ ಕಚೇರಿಗಳಲ್ಲಿ ಅದು ಇನ್ನೂ ಬಂದಿಲ್ಲ. ಹೊಸ ಯಂತ್ರದ ಟೆಂಡರ್ ಕರೆಯುವ ಮುನ್ನ, ಕಿಂಡಿಯ ಮುಂದೆ ಸಾಲಿನಲ್ಲಿ ನಿಂತವನಿಗೆ ಇದರಿಂದ ಏನಾಗಬೇಕು ಎಂದು ಒಮ್ಮೆ ಕೇಳಿಕೊಂಡರೆ ನಕ್ಷೆಯ ಮೊದಲ ಗೆರೆ ಬಿದ್ದಂತೆ.